ತಪ್ಪಿಲ್ಲದ ಪರದೆಗೆ ಒಂದು ದುರಸ್ತಿ

ಪೀಣ್ಯ ಎರಡನೇ ಹಂತದಲ್ಲಿದ್ದ ನಮ್ಮ ಕಂಪನಿಯಲ್ಲಿ ಬೆನ್ನ ಹಿಂದೆ ನನಗೊಂದು ಹೆಸರಿತ್ತು: ಸಂಶಯ ಪಿಶಾಚಿ. ಇಟ್ಟವರು ಯಾರೆಂದು ಗೊತ್ತಿತ್ತು, ಜಗಳಕ್ಕೆ ಹೋಗಲಿಲ್ಲ. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲವಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ಹಾಲಿನವನು ದೇವರ ಮೇಲೆ ಆಣೆ ಇಟ್ಟರೂ ಅವ್ವ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು ನೋಡದೆ ಪಾತ್ರೆ ಒಡ್ಡಿದವಳಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅವಳು ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ಅಂಥವಳ ಮಗಳು ಬೇರೆಯವರು ಬರೆದ ಪ್ರೋಗ್ರಾಂ ಓದಿ ತಪ್ಪು ಹುಡುಕುವ ಕೆಲಸಕ್ಕೆ ಸೇರಿದ್ದು ಯಾರಿಗೂ ಆಶ್ಚರ್ಯ ತರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಕಾರ್ಖಾನೆಗಳ ಕುಲುಮೆಯ ಬಿಸಿ ಎಷ್ಟಿದೆ ಎಂದು ತೋರಿಸುವ ಕಂಪ್ಯೂಟರುಗಳನ್ನು ನಾವು ಜೋಡಿಸಿ ಮಾರುತ್ತಿದ್ದೆವು. ಅದರೊಳಗಿನ ಆಪರೇಟಿಂಗ್ ಸಿಸ್ಟಂ ಹೊರದೇಶದ್ದು, ಸೋರ್ಸ್ ಎಂಬ ಮೂಲ ಬರಹದ ಸಮೇತ ಬಂದಿತ್ತು. ಅದರ ತಿರುಳಾದ ಕರ್ನಲ್ಲಿಗೆ ಕೈ ಹಾಕಿ ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತಿದ್ದೆವು. ಪರದೆಯ ಮೇಲೆ ಅಕ್ಷರ ಮೂಡಿಸುವ ಭಾಗಕ್ಕೆ ಡಿಸ್‌ಪ್ಲೇ ಡ್ರೈವರ್ ಎಂದು ಹೆಸರು. ಆಗ ಪೀಣ್ಯದ ಪ್ರತಿ ಗೇಟಿನ ಮೇಲೂ ಗುಣಮಟ್ಟದ ಸರ್ಟಿಫಿಕೇಟಿನ ಬೋರ್ಡು ಏರುತ್ತಿದ್ದ ಕಾಲ. ನಮಗೂ ಬೇಕೆಂದು ಯಜಮಾನರು ಹಟ ಹಿಡಿದಿದ್ದರಿಂದ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಫಾರಂ ಮೇಲೆ ಸೈನ್ ಮಾಡದೆ ಯಾವ ಬದಲಾವಣೆಯೂ ಹೊರಗೆ ಹೋಗುವಂತಿರಲಿಲ್ಲ. ಆ ಫಾರಂನಲ್ಲಿ ‘ಬದಲಾವಣೆಗೆ ಕಾರಣ’ ಎಂಬ ಒಂದು ಕಾಲಂ ಇತ್ತು. ಬಹಳ ಮಂದಿ ಅದನ್ನು ಕಾಟಾಚಾರಕ್ಕೆ ತುಂಬುತ್ತಿದ್ದರು.

ಒಂದು ಬೆಳಿಗ್ಗೆ ನಮ್ಮ ಹಿರಿಯ ಎಂಜಿನಿಯರ್ ತಾವೇ ನನ್ನ ಮೇಜಿಗೆ ಬಂದರು. ನಗುಮುಖದ ಮನುಷ್ಯ, ಎಲ್ಲರಿಗೂ ಬೇಕಾದವರು. ಎಂದೂ ಬೈಟು ಕಾಫಿಗಿಂತ ಹೆಚ್ಚು ಕೊಡಿಸದವರು ಅಂದು ನನಗೊಂದು ಪೂರ್ತಿ ಕಾಫಿ ಹಿಡಿದು ಬಂದಿದ್ದರು. ನನ್ನ ಅನುಮಾನ ಶುರುವಾದದ್ದು ಆ ಲೋಟದಿಂದಲೇ.

“ಸಣ್ಣದು ಮೇಡಂ, ಒಂದೇ ಸಾಲು. ಸೈನ್ ಹಾಕ್ಬಿಡಿ, ಸಂಜೆಯೊಳಗೆ ಫ್ಲಾಪಿ ಕಳಿಸ್ಬೇಕು,” ಎಂದು ಹಸಿರು ಪಟ್ಟೆಯ ಕಾಗದದ ಮೇಲೆ ಮುದ್ರಿಸಿದ್ದ ಡ್ರೈವರನ್ನು ಮುಂದಿಟ್ಟರು.

ಪರದೆ ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ತಾನೇ ಕಪ್ಪಾಗಿ ಮಲಗುತ್ತಿತ್ತು. ಯಾವುದಾದರೂ ಕೀಲಿ ಒತ್ತಿದರೆ ಎದ್ದು ಸಂಖ್ಯೆಗಳನ್ನು ತೋರಿಸುತ್ತಿತ್ತು. ಅವರು ಹಾಕಿದ್ದ ಹೊಸ ಸಾಲು ಇಷ್ಟೇ: ಕೀಲಿ ಒತ್ತಿದ ಮೇಲೆ ಪರದೆ ಏಳುವ ಮೊದಲು ಒಂದು ಚೂರು ತಡೆದು ನಿಲ್ಲು. ಕಾರಣದ ಕಾಲಂನಲ್ಲಿ ‘ಪರದೆ ಇನ್ನೂ ಚೆನ್ನಾಗಿ ಕಾಣಲು’ ಎಂದಿತ್ತು.

“ತಡ ಯಾಕೆ ಹಾಕಿದ್ರಿ?” ಎಂದೆ.

“ಕೆಲವು ಡಿಸ್‌ಪ್ಲೇ ಕಾರ್ಡು ನಿಧಾನ ಕಣ್ರೀ. ಎದ್ದೇಳೋಕೆ ಟೈಮ್ ಬೇಕು.”

“ಯಾವ ಕಾರ್ಡು?”

“ಎಲ್ಲಾದಕ್ಕೂ ಯಾವ್ದು ಯಾಕೆ ಅಂತ ಕೂತ್ರೆ ಹೆಂಗೆ ಮೇಡಂ? ಮೂರು ದಿನ ಓಡ್ಸಿದೀನಿ. ಒಂದ್ಸಲವೂ ತೊಂದ್ರೆ ಬಂದಿಲ್ಲ.”

“ಯಾವ ತೊಂದ್ರೆ ಬಂದಿಲ್ಲ?”

ಓದಿ ಕೊಡ್ತೀನಿ ಎಂದು ಕಾಗದ ಇಟ್ಟುಕೊಂಡೆ. ಕಾಫಿಯನ್ನೂ ಕುಡಿದೆ, ಅದೇನು ಪಾಪ ಮಾಡಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಯಜಮಾನರು ಕರೆದು ಇನ್ನೊಂದು ಕಾಗದ ಕೊಟ್ಟರು. “ಇಂಗ್ಲಿಷು ಸರಿ ಇದ್ಯಾ ನೋಡಮ್ಮ,” ಎಂದರು. ಮಾಕಳಿಯಲ್ಲಿ ಗಾಡಿಗಳ ಗೇರುಗಳನ್ನು ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡುವ ಒಂದು ಕಾರ್ಖಾನೆಗೆ ಹೋಗಬೇಕಿದ್ದ ಪತ್ರ ಅದು. ಅಲ್ಲಿ ಒಂದು ಲೋಡ್ ಗೇರು ಅತಿಯಾಗಿ ಕಾದು ಹಾಳಾಗಿತ್ತು. ಬಿಸಿ ಏರಿದ್ದನ್ನು ನೋಡಿ ಉರಿ ತಗ್ಗಿಸಬೇಕಿದ್ದ ಆಪರೇಟರನನ್ನು ಸಸ್ಪೆಂಡ್ ಮಾಡಿದ್ದರು. ಪರದೆಯಲ್ಲೇ ಕಡಿಮೆ ಸಂಖ್ಯೆ ತೋರಿಸಿತ್ತು ಎಂದು ಅವನು ವಾದಿಸುತ್ತಿದ್ದ. ನಿಮ್ಮ ಪರದೆ ತಪ್ಪು ತೋರಿಸಲು ಸಾಧ್ಯವೇ ಎಂದು ಕಾರ್ಖಾನೆಯವರು ಕೇಳಿದ್ದರು. ಸಾಧ್ಯವಿಲ್ಲ ಎಂದು ನಮ್ಮ ಪತ್ರ ಹೇಳುತ್ತಿತ್ತು. ಹತ್ತು ದಿನದಲ್ಲಿ ಎನ್‌ಕ್ವಯರಿ ಇತ್ತು. ಈ ಪತ್ರ ಹೋಯಿತೆಂದರೆ ಅವನ ಕೆಲಸ ಹೋದಂತೆಯೇ ಲೆಕ್ಕ.

ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತೆ. ಒಂದು, ಪರದೆಗೆ ಯಾವ ರೋಗವೂ ಇಲ್ಲ ಎನ್ನುತ್ತದೆ. ಇನ್ನೊಂದು, ಅದೇ ಪರದೆಗೆ ಮದ್ದು ಕುಡಿಸುತ್ತದೆ. ನನಗೆ ಮೈ ಉರಿಯಿತು. ಹಿರಿಯರು ತಮ್ಮ ತಪ್ಪನ್ನು ತಾವೇ ಮುಚ್ಚಿಕೊಳ್ಳುತ್ತಿದ್ದಾರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಿದ್ದಾರೆ ಎಂದು ಆಗಲೇ ತೀರ್ಮಾನಿಸಿಬಿಟ್ಟೆ. ಆದರೂ ಆ ಆಪರೇಟರನ ಮೇಲೂ ನನಗೆ ನಂಬಿಕೆ ಇರಲಿಲ್ಲ. ಎಲ್ಲೋ ಬೀಡಿ ಸೇದುತ್ತಾ ಕುಳಿತು, ಆಮೇಲೆ ಪರದೆಯ ಮೇಲೆ ಹಾಕುವುದು ಯಾರಿಗೆ ಬರುವುದಿಲ್ಲ?

ಮರುದಿನ ಕಂಪ್ಯೂಟರಿನ ದಾಖಲೆ ಕಾಪಿ ಮಾಡಿಕೊಳ್ಳುವ ನೆಪದಲ್ಲಿ ತುಮಕೂರು ರಸ್ತೆಯ ಬಸ್ಸು ಹಿಡಿದು ಮಾಕಳಿಗೆ ಹೋದೆ. ಪರದೆಯಲ್ಲಿ ಏನೇ ಕಾಣಲಿ, ಕುಲುಮೆಯ ಬಿಸಿ ನಿಮಿಷಕ್ಕೊಮ್ಮೆ ಡಿಸ್ಕಿನಲ್ಲಿ ದಾಖಲಾಗುತ್ತಿತ್ತು. ಆಪರೇಟರನನ್ನು ಹಿಡಿದುಹಾಕಿದ್ದೇ ಆ ದಾಖಲೆ. ಗೇರು ಹಾಳಾದ ದಿನ ಹತ್ತೂವರೆಗೆ ಡಿಸ್ಕಿನಲ್ಲಿ 912 ಡಿಗ್ರಿ, ಅವನು ಲಾಗ್ ಬುಕ್ಕಿನಲ್ಲಿ ಬರೆದದ್ದು 874.6.

ಸೂಪರ್‌ವೈಸರ್ ನೆಲಮಂಗಲದ ಕಡೆಯವರು, ಲಾಗ್ ಬುಕ್ಕನ್ನು ನನ್ನ ಮುಂದೆ ಎಸೆದ ಹಾಗೆಯೇ ಇಟ್ಟರು. “ನೋಡಿ ಮೇಡಂ, ಬೇರೆಯವ್ರು ಎಂಗೆ ನೀಟಾಗಿ ಬರ್ದವ್ರೆ. ಇವ್ನದು ನೋಡಿ ಇಂಗೆ, ಒಂದಕ್ಕೊಂದು ತಾಳೆ ಇಲ್ಲ. ಕುಂತಲ್ಲೇ ಬರ್ದವ್ನೆ.”

ಅರ್ಧ ಗಂಟೆಗೊಮ್ಮೆ ಪರದೆ ನೋಡಿ ಬರೆಯಬೇಕಾದ ಪುಸ್ತಕ. ಉಳಿದಿಬ್ಬರು ಆಪರೇಟರುಗಳ ಪುಟಗಳಲ್ಲಿ 870, 870, 870, ನಡುವೆ ಎಲ್ಲೋ ಒಂದು 875, ಮತ್ತೆ 870. ಎಲ್ಲ ಒಂದೇ ಪೆನ್ನು, ಒಂದೇ ಓಟದ ಬರಹ. ಎಂಟು ಗಂಟೆಯ ಪಾಳಿಯನ್ನು ಒಂದೇ ಉಸಿರಿನಲ್ಲಿ ಬರೆದಿದ್ದರು. ಇವನ ಪುಟಗಳಲ್ಲಿ ಮಾತ್ರ 868.4, 871.9, 874.6 ಎಂದು ಚುಕ್ಕಿಯ ಮುಂದಿನ ಅಂಕಿಯೂ ಇತ್ತು. ಒಂದು ಸಾಲು ನೀಲಿ, ಒಂದು ಸಾಲು ಕಪ್ಪು, ಮಸಿಯ ಬೆರಳಿನ ಗುರುತು. ಸುಳ್ಳು ಬರೆಯುವವನು ಇಷ್ಟು ಕಷ್ಟಪಡುತ್ತಾನೆಯೇ ಎಂದು ಮೊದಲ ಸಲ ಅನುಮಾನ ಬಂತು. ಇಷ್ಟು ಕಷ್ಟಪಟ್ಟು ಸುಳ್ಳು ಬರೆಯುವವನೂ ಇರಬಹುದಲ್ಲ ಎಂದು ಅದರ ಹಿಂದೆಯೇ ಇನ್ನೊಂದು ಬಂತು.

ಸಸ್ಪೆಂಡ್ ಆದವರು ದಿನಾ ಗೇಟಿಗೆ ಬಂದು ರಿಜಿಸ್ಟರಿನಲ್ಲಿ ಸೈನ್ ಮಾಡಿ ಹೋಗಬೇಕೆಂಬುದು ಅಲ್ಲಿಯ ನಿಯಮ. ನಾನು ಹೊರಡುವ ಹೊತ್ತಿಗೆ ಅವನು ಅದಕ್ಕೇ ಬಂದಿದ್ದ. ಬಾಗಲಕೋಟೆ ಕಡೆಯವನು, ಮೂವತ್ತರ ಆಸುಪಾಸು, ಮಾದನಾಯಕನಹಳ್ಳಿಯಲ್ಲಿ ಊರವರ ಜೊತೆ ಒಂದು ರೂಮಿನಲ್ಲಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ನಾನು ಯಾರೆಂದು ಹೇಳಿದ ಕೂಡಲೇ ಮುಖ ಬಿಗಿಯಿತು.

“ನಿಮ್ಮ ಸ್ಕ್ರೀನಿನ್ಯಾಗ ಏನ್ ಕಂಡೈತಿ ಅದನ್ನ ಬರದೇನ್ರಿ ಅಕ್ಕಾರ. ಒಂದ್ ಅಂಕಿ ಹೆಚ್ಚಿಲ್ಲ, ಒಂದ್ ಅಂಕಿ ಕಡಿಮಿಲ್ಲ.”

“ಎಷ್ಟು ಗಂಟೆಗೆ ನೋಡಿದ್ರಿ?”

“ಹತ್ತೂವರಿಗೆ.”

“ಸುಮಾರು ಹತ್ತೂವರೆಗೋ?”

ಅವನಿಗೆ ಸಿಟ್ಟು ಬಂತು. ಕೈಗಡಿಯಾರವನ್ನು ಬಿಚ್ಚಿ ನನ್ನ ಮುಂದೆ ಹಿಡಿದ. “ಸುಮಾರು ಯಾಕ್ ಅಂತೀರಿ? ನಿಮ್ಮ ಕಂಪ್ಯೂಟರಿಗೇ ಟೈಮ್ ಕೂಡಿಸಿ ಇಟ್ಟೇನ್ರಿ ಇದನ್ನ. ಸೆಕೆಂಡಿನ ಮುಳ್ಳು ಹನ್ನೆರಡರ ಮ್ಯಾಲ ಬರೂತನ ಕೈ ಇಟಗೊಂಡು ನಿಂದರ್ತೇನಿ, ಬಂದ ಕೂಡ್ಲೇ ಒತ್ತತೇನಿ. ಅರ್ಧ ತಾಸಂದ್ರ ಅರ್ಧ ತಾಸ್ರಿ.”

ನನ್ನ ವಾಚಿನ ಸೆಕೆಂಡಿನ ಮುಳ್ಳಿಗೂ ಅವನದಕ್ಕೂ ಎಂಟು ಸೆಕೆಂಡು ವ್ಯತ್ಯಾಸವಿತ್ತು. ಒಳಗೆ ಹೋಗಿ ಕಂಪ್ಯೂಟರಿನ ಗಡಿಯಾರ ನೋಡಿ ಬಂದೆ. ಅವನದೇ ಸರಿಯಾಗಿತ್ತು.

ಆಫೀಸಿಗೆ ಬಂದು ಡಿಸ್ಕಿನ ದಾಖಲೆಯನ್ನು ಮುದ್ರಿಸಿಕೊಂಡೆ. ಅವನು ಬರೆದ 874.6 ಅಂದು ಎಲ್ಲಾದರೂ ಇದೆಯೇ ಎಂದು ಬೆರಳಿಟ್ಟು ಹುಡುಕಿದೆ. ಇತ್ತು. ಹತ್ತು ಗಂಟೆ ಹತ್ತು ನಿಮಿಷಕ್ಕೆ, ಚುಕ್ಕಿಯ ಮುಂದಿನ ಆರೂ ಸೇರಿ, ಹಾಗೆಯೇ ಇತ್ತು. ಹಿಂದಿನ ದಿನಗಳನ್ನೂ ನೋಡಿದೆ. ಅವನು ಬರೆದ ಬಹುಪಾಲು ಅಂಕಿಗಳು ಆಯಾ ಹೊತ್ತಿನದೇ ಆಗಿದ್ದವು. ಕೆಲವು ಮಾತ್ರ ಇಪ್ಪತ್ತು ನಿಮಿಷ ಹಳೆಯವು, ಒಂದೂ ತಪ್ಪದೆ ಇಪ್ಪತ್ತೇ ನಿಮಿಷ. ಯಾವ ಸುಳ್ಳುಗಾರನೂ ಇಪ್ಪತ್ತು ನಿಮಿಷ ಹಿಂದಿನ ನಿಜವನ್ನು ಊಹಿಸಿ ಬರೆಯಲಾರ.

ಆಮೇಲೆ ಡ್ರೈವರನ್ನು ಕೂತು ಓದಿದೆ. ಪರದೆ ಮಲಗುವಾಗ ಡ್ರೈವರ್ ಆ ಹೊತ್ತಿನ ಚಿತ್ರವನ್ನು ಎತ್ತಿಟ್ಟುಕೊಳ್ಳುತ್ತಿತ್ತು. ಹತ್ತು ಗಂಟೆಗೆ ಅವನು ನೋಡಿಹೋದರೆ ಹತ್ತು ಹತ್ತಕ್ಕೆ ಮಲಗುತ್ತದೆ, ಹತ್ತು ಹತ್ತರ ಚಿತ್ರ ಉಳಿಯುತ್ತದೆ. ಕೀಲಿ ಒತ್ತಿದಾಗ ಮೊದಲು ಆ ಹಳೆಯ ಚಿತ್ರವನ್ನು ಹಾಕಿ, ಅದರ ಮೇಲೆ ಹೊಸ ಅಂಕಿಗಳನ್ನು ಬರೆಯಬೇಕು. ಆದರೆ ಪ್ರತಿ ನಿಮಿಷದ ತುದಿಗೆ ಕುಲುಮೆಯಿಂದ ಹೊಸ ಅಂಕಿ ಬರುತ್ತದೆ. ಅದು ಹಳೆಯ ಚಿತ್ರ ಹಾಕುತ್ತಿರುವಾಗಲೇ ಬಂದರೆ, ಹೊಸದು ಮೊದಲು ಬಿದ್ದು ಹಳೆಯದು ಮೇಲೆ ಬೀಳುತ್ತದೆ. ಈ ತಿಂಗಳ ಕ್ಯಾಲೆಂಡರ್ ಹಾಳೆಯ ಮೇಲೆ ಹೋದ ತಿಂಗಳದನ್ನು ಅಂಟಿಸಿದ ಹಾಗೆ. ಒಳಗಿನ ಪ್ರೋಗ್ರಾಂ ತಾನು ಹೊಸದನ್ನು ಬರೆದಾಯಿತೆಂದು ತಿಳಿದು ಮುಂದಿನ ನಿಮಿಷದವರೆಗೆ ಸುಮ್ಮನಿರುತ್ತದೆ. ಅಷ್ಟರಲ್ಲಿ ಅವನು ಬರೆದುಕೊಂಡು ಹೋಗಿರುತ್ತಾನೆ.

ಮನಸ್ಸಿಗೆ ಬಂದಾಗ ಒತ್ತುವವನಿಗೆ ಇದು ವರ್ಷಕ್ಕೊಮ್ಮೆ ಆದರೆ ಹೆಚ್ಚು. ಪರದೆ ನೋಡದೆಯೇ ಬರೆಯುವವರಿಗೆ ಎಂದೂ ಆಗದು. ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಕಾದು ಒತ್ತುವ ಒಬ್ಬನಿಗಾಗಿಯೇ ಮಾಡಿಟ್ಟಂಥ ತಪ್ಪು ಅದು. ಆ ಕಾರ್ಖಾನೆಯಲ್ಲಿ ಅಂಥವನು ಅವನೊಬ್ಬನೇ ಇದ್ದ. ಇದು ಅರ್ಥವಾದಾಗ ನನಗೆ ಖುಷಿಯಾಗಲಿಲ್ಲ.

ಹಿರಿಯರ ತಡದ ಸಾಲೂ ಈಗ ಅರ್ಥವಾಯಿತು. ನಿಮಿಷದ ತುದಿ ದಾಟಿಹೋಗಲಿ ಎಂದು ಹಾಕಿದ ತಡ ಅದು. ಅಷ್ಟೇ ತಡ ಹಾಕಬೇಕೆಂದು ಗೊತ್ತಿದ್ದವರಿಗೆ ಕಾರಣ ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಅವರನ್ನು ಟೆಸ್ಟಿಂಗ್ ರೂಮಿಗೆ ಕರೆದೆ. ಅವರ ಹೊಸ ಡ್ರೈವರನ್ನೇ ಹಾಕಿ, ಕುಲುಮೆಯ ಬದಲು ಅಂಕಿ ಕಳಿಸುವ ಪೆಟ್ಟಿಗೆ ಕಟ್ಟಿ, ಪರದೆ ಮಲಗುವವರೆಗೆ ಇಬ್ಬರೂ ಕಾದೆವು. ನಾನು ನಿಮಿಷದ ತುದಿಗೆ ಒತ್ತಲಿಲ್ಲ, ಅವರ ತಡ ಮುಗಿಯುವುದು ಆ ತುದಿಗೇ ಬೀಳಲೆಂದು ಒಂದು ಚೂರು ಮೊದಲೇ ಒತ್ತಿದೆ. ಮೊದಲ ಸಲ ಸರಿಯಾಗಿ ಬಂತು. ಎರಡನೇ ಸಲವೂ ಸರಿ ಬಂತು. ಪ್ರತಿ ಸಲವೂ ಹತ್ತು ನಿಮಿಷ ಕಾಯಬೇಕು. ನಾಲ್ಕನೇ ಸಲ ಹಳೆಯ ಅಂಕಿ ಬಂದು ಹಾಗೆಯೇ ನಿಂತಿತು.

“ಗೊತ್ತಿತ್ತು ಅಲ್ವಾ ನಿಮಗೆ?” ಎಂದೆ.

ಅವರು ಬಾಗಿಲು ಮುಂದೆ ಮಾಡಿ ಬಂದು ಕುಳಿತರು. ಮುಖದಲ್ಲಿ ನಗು ಇರಲಿಲ್ಲ. “ಗೊತ್ತಿತ್ತು.”

“ಸರಿಯಾಗಿ ತಿದ್ದಬಹುದಿತ್ತಲ್ಲ? ಹಳೇ ಚಿತ್ರ ಹಾಕೋದನ್ನೇ ಕಿತ್ತುಹಾಕಿದ್ರೆ ಮುಗೀತಿತ್ತು.”

“ಮಲಗೋ ಭಾಗ ಮುಟ್ಟಿದ್ರೆ ಅದರ ಹಳೇ ಫಾರಂ ತೆಗೀತಾರೆ ಮೇಡಂ. ತಪ್ಪು ಯಾವತ್ತು ಒಳಗೆ ಬಂತು, ಯಾರು ಬರೆದ್ರು, ಯಾರು ನೋಡಿದ್ರು ಅಂತ ಕೇಳ್ತಾರೆ.”

“ಬರೆದದ್ದು ನೀವು ತಾನೇ?”

“ಬರೆದದ್ದು ನಾನು,” ಎಂದು ಬ್ಯಾಗಿನಿಂದ ಒಂದು ಹಳೆಯ ಫಾರಂ ತೆಗೆದು ಮೇಜಿನ ಮೇಲಿಟ್ಟರು. ಬೀರುವಿನ ಫೈಲಿನಲ್ಲಿ ಇರಬೇಕಾದದ್ದು. ಪರದೆ ಮಲಗಿಸುವ ಭಾಗದ ರಿವ್ಯೂ ಫಾರಂ. ಕೆಳಗೆ ನೋಡಿದವರ ಸೈನ್ ಇತ್ತು. ಅದು ನನ್ನದು.

ನನಗೆ ನೆನಪೇ ಇರಲಿಲ್ಲ. ಅಭಿಪ್ರಾಯದ ಜಾಗದಲ್ಲಿ ನನ್ನದೇ ಕೈಬರಹದಲ್ಲಿ ಎರಡು ಮಾತಿತ್ತು: ಮೂರನೇ ಪುಟದಲ್ಲಿ ಸಾಲುಗಳು ನೇರವಾಗಿಲ್ಲ, ಒಂದು ಕಡೆ ಆವರಣ ಚಿಹ್ನೆ ಮುಂದಿನ ಸಾಲಿಗೆ ಬರಬೇಕು. ಹಳೆಯ ಚಿತ್ರ ಹಾಕುವ ಸಾಲು ಅದೇ ಮೂರನೇ ಪುಟದಲ್ಲಿತ್ತು. ಸಂಶಯ ಪಿಶಾಚಿ ಅದನ್ನು ನೋಡಿ, ನೇರ ಮಾಡಿಸಿ, ಒಳಗೆ ಬಿಟ್ಟಿದ್ದಳು. ಬರೆದವರು ಹಿರಿಯರು, ಬುದ್ಧಿವಂತರು, ಇವರದು ಏನು ತಪ್ಪಿರುತ್ತದೆ ಎಂದು ಅಂದುಕೊಂಡಿರಬೇಕು. ಬೇರೆ ಕಾರಣ ಹೊಳೆಯುವುದಿಲ್ಲ.

“ನಿಮಗೋಸ್ಕರಾನೂ ತೆಗೆದಿಟ್ಟೆ,” ಎಂದರು ಅವರು. “ಇದು ಫೈಲಲ್ಲಿ ಇರ್ಲೇಬೇಕು ಅಂತೇನಿಲ್ಲ.”

ಅದು ಉಪಕಾರವೋ ಬೆದರಿಕೆಯೋ ನನಗೆ ಇಂದಿಗೂ ಗೊತ್ತಿಲ್ಲ. ಅವರ ದನಿ ಮೆತ್ತಗಿತ್ತು. ಅವರ ದನಿ ಯಾವಾಗಲೂ ಮೆತ್ತಗೇ ಇರುತ್ತಿತ್ತು. ಫಾರಂ ಎತ್ತಿಕೊಂಡು ನನ್ನ ಮೇಜಿಗೆ ಬಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಎರಡು ದಿನದಿಂದ ಅವರ ಹೆಗಲನ್ನೇ ನೋಡುತ್ತಿದ್ದವಳು ಈಗ ನನ್ನದನ್ನು ಒರೆಸಿಕೊಳ್ಳಬೇಕಾಗಿತ್ತು.

ಸುಳ್ಳು ಹೇಳುವುದಿಲ್ಲ, ಆ ಸಂಜೆ ಸೈನ್ ಮಾಡಿಬಿಡೋಣ ಎಂದು ಪೆನ್ನು ತೆಗೆದದ್ದೂ ಉಂಟು. ಒಂದು ಸಾಲಿನ ತಡ, ಒಂದು ಸೈನು, ಎರಡು ಕಾಗದ ಹೊರಗೆ ಹೋದರೆ ನಮ್ಮಿಬ್ಬರ ಮೇಲೂ ಯಾರೂ ಬೆರಳು ತೋರಿಸುವವರಿರಲಿಲ್ಲ. ಬಾಗಲಕೋಟೆಯವನೊಬ್ಬ ಗಂಟು ಕಟ್ಟಿಕೊಂಡು ಹೋಗುತ್ತಿದ್ದ, ಅಷ್ಟೇ. ನನ್ನನ್ನು ತಡೆದದ್ದು ನ್ಯಾಯ ಧರ್ಮ ಎಂದು ಹೇಳಿಕೊಳ್ಳಲು ನಾಚಿಕೆ. ತಡೆದದ್ದು ಸಿಟ್ಟು. ಅಷ್ಟು ಕರಾರುವಾಕ್ಕಾಗಿ ನೋಡಿ ಬರೆದವನು ಕಳ್ಳನಾಗಿ, ನೋಡದೆ ಸೈನ್ ಹಾಕಿದ ನಾನು ಸಾಚಾ ಆಗುವುದನ್ನು ಸಹಿಸಲಾಗಲಿಲ್ಲ.

ಮರುದಿನ ಹಿರಿಯರ ಫಾರಂ ವಾಪಸು ಕೊಟ್ಟು, ಸರಿಯಾದ ದುರಸ್ತಿ ನಾನೇ ಬರೆದೆ. ಹೊಸ ಸಾಲು ಒಂದೂ ಇಲ್ಲ, ಇದ್ದ ಆರು ಸಾಲು ತೆಗೆದದ್ದು ಅಷ್ಟೇ. ಕಾರಣದ ಕಾಲಂನಲ್ಲಿ ಹೀಗೆ ಬರೆದೆ: ನಿಮಿಷದ ತುದಿಗೆ ಕೀಲಿ ಒತ್ತಿದರೆ ಪರದೆ ಇಪ್ಪತ್ತು ನಿಮಿಷ ಹಿಂದಿನ ಬಿಸಿಯನ್ನು ತೋರಿಸುತ್ತದೆ, ಈ ತಪ್ಪು ಹಿಂದಿನ ರಿವ್ಯೂನಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ನೋಡಿದವರ ಜಾಗಕ್ಕೆ ಹಿರಿಯರ ಮುಂದಿಟ್ಟೆ. ಅವರು ಬಹಳ ಹೊತ್ತು ಓದಿದರು. ಪ್ರತಿ ಸಾಲಿನ ಮೇಲೂ ಪೆನ್ನಿನ ತುದಿ ಇಟ್ಟು ಓದಿ, ಸೈನ್ ಮಾಡಿದರು.

ಯಜಮಾನರು ಕೂಗಾಡಲಿಲ್ಲ. “ಇಷ್ಟೊಂದು ಬರೀಬೇಕಿತ್ತೇನಮ್ಮಾ?” ಎಂದಷ್ಟೇ ಕೇಳಿದರು. ಆ ವರ್ಷ ನನಗೆ ಬರಬೇಕಿದ್ದ ಬಡ್ತಿ ಬರಲಿಲ್ಲ, ಯಾಕೆಂದು ನಾನೂ ಕೇಳಲಿಲ್ಲ. ಕಾರ್ಖಾನೆಗೆ ಹೋದ ಪತ್ರದಲ್ಲಿ ‘ಸಾಧ್ಯವಿಲ್ಲ’ ಎಂಬುದು ಹೋಗಿ ಎರಡು ಸಾಲು ಸೇರಿತು: ಕೆಲವು ಅಪರೂಪದ ಸಂದರ್ಭಗಳಲ್ಲಿ ಪರದೆ ಅಲ್ಪಕಾಲ ಹಳೆಯ ಅಂಕಿ ತೋರಿಸಬಹುದು, ಆ ದಿನ ಹಾಗಾಗಿರುವ ಸಾಧ್ಯತೆ ಇದೆ. ಅವನ ಲಾಗ್ ಬುಕ್ಕಿನ ಅಂಕಿಗಳನ್ನೂ ಡಿಸ್ಕಿನ ಅಂಕಿಗಳನ್ನೂ ಎದುರು ಬದುರು ಬರೆದ ಒಂದು ಹಾಳೆಯನ್ನು ನಾನು ಜೊತೆಗೆ ಲಗತ್ತಿಸಿದೆ. ಎನ್‌ಕ್ವಯರಿ ಮುಗಿದು ಅವನನ್ನು ವಾಪಸು ತೆಗೆದುಕೊಂಡರೆಂದು ತಿಳಿಯಿತು. ಆ ದಿನ ಮನೆಗೆ ಹೋಗುವಾಗ ಅರ್ಧ ಕಿಲೋ ಮೈಸೂರು ಪಾಕ್ ಕೊಂಡೊಯ್ದಿದ್ದೆ.

ಕೆಲವು ತಿಂಗಳಾದ ಮೇಲೆ ಅವರ ಎರಡನೇ ಕುಲುಮೆಗೆ ಕಂಪ್ಯೂಟರ್ ಕೂರಿಸಲು ಮತ್ತೆ ಮಾಕಳಿಗೆ ಹೋದೆ. ಹನ್ನೊಂದು ಗಂಟೆ ಇರಬೇಕು. ಅವನೇ ಪಾಳಿಯಲ್ಲಿದ್ದ. ನನ್ನನ್ನು ಕಂಡು ಓಡಿಬಂದು, ಕುರ್ಚಿ ಒರೆಸಿ ಕೂರಿಸಿ, ಚಹಾ ತರಿಸಿದ. ನಿಮ್ಮ ಹಾಳೆಯಿಂದಲೇ ಉಳಿದೆ ಎಂದು ಸೂಪರ್‌ವೈಸರರ ಎದುರಿಗೇ ಹೇಳಿದ. ನಾನು ಉಬ್ಬಿಹೋದೆ. ಚಹಾ ಕುಡಿಯುತ್ತಾ ಪಕ್ಕದಲ್ಲಿದ್ದ ಲಾಗ್ ಬುಕ್ಕನ್ನು ಹಾಗೇ ತಿರುವಿದೆ.

ಆ ದಿನದ ಪುಟದಲ್ಲಿ 870, 870, 875, 870. ಹನ್ನೊಂದೂವರೆಗೂ ಬರೆದಾಗಿತ್ತು. ಹನ್ನೆರಡಕ್ಕೂ, ಹನ್ನೆರಡೂವರೆಗೂ, ಪಾಳಿ ಮುಗಿಯುವವರೆಗೂ ಬರೆದಾಗಿತ್ತು. ಚುಕ್ಕಿಯ ಮುಂದೆ ಏನೂ ಇರಲಿಲ್ಲ.

ನಾನು ಪುಟದಿಂದ ತಲೆ ಎತ್ತಿದೆ. ಅವನು ತಪ್ಪಿಸಿಕೊಳ್ಳಲಿಲ್ಲ.

“ಸ್ಕ್ರೀನು ಈಗ ಸರಿಯಾಗಿದೆ,” ಎಂದೆ. “ನಂಬಬಹುದು. ನಾನೇ ತಿದ್ದಿದ್ದು.”

“ಸ್ಕ್ರೀನಿನ ಮ್ಯಾಲ ನನಗ ಸಂಶೇ ಇಲ್ರಿ ಅಕ್ಕಾರ,” ಎಂದ. “ವಾಪಸ್ ತಗೊಂಡ್ರು ಖರೆ, ವಾರ್ನಿಂಗ್ ಲೆಟರ್ ಕೊಟ್ಟಾರ. ಏನಂತ ಗೊತ್ತೇನ್ರಿ? ಬುಕ್ಕು ಉಳಿದಾವ್ರಂಗ ನೀಟ್ ಇರಬೇಕು ಅಂತ.”

ಎನ್‌ಕ್ವಯರಿಗೆ ಕಳಿಸಿದ ಆ ಹಾಳೆಯಲ್ಲಿ ಅವನ ಅಂಕಿಗಳಿಗಾಗಿ ಅಷ್ಟು ಕಷ್ಟಪಟ್ಟವಳು ಉಳಿದಿಬ್ಬರ ಪುಟಗಳ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಅದು ನಮ್ಮ ಕೆಲಸವಲ್ಲ ಎಂದುಕೊಂಡಿದ್ದೆ. ನಾಚಿಕೆಯಾಯಿತು, ಅವನ ಮುಖ ನೋಡಲಾಗದೆ ಪರದೆಯ ಕಡೆ ತಿರುಗಿದೆ. ಅದು ಮಲಗಿತ್ತು. ಒಂದು ಕೀಲಿ ಒತ್ತಿದೆ. 889.3 ಎಂದು ತೋರಿಸಿತು, ಆ ಹೊತ್ತಿನ ಸರಿಯಾದ ಬಿಸಿಯನ್ನೇ. ಅವನು ಅದನ್ನು ಓದಿದ, ಎದ್ದು ಹೋಗಿ ಉರಿಯನ್ನು ತುಸು ತಗ್ಗಿಸಿ ಬಂದ. ಬುಕ್ಕಿನಲ್ಲಿ 870 ಇದ್ದದ್ದು ಹಾಗೆಯೇ ಇತ್ತು.